ಗುಂಡುಸೂಜಿ ಕಚ್ಚಿಕೊಂಡು ಅಂದ ಹೂಂ

ಅಂಗಡಿಯ ಹಿಂದಿನ ಕೋಣೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ,
ಆರಾಧನೆ ಮುಗಿಸಿ ಬಂದ ಮಧ್ಯಾಹ್ನ

ಪ್ರೀತಿಯ ಮನೆ ಯಜಮಾನಿಗೆ,

ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಯಜಮಾನನಾಗಿರುವ ನಿನ್ನ ಗಂಡ ಮಾಡುವ ವಂದನೆಗಳು. ನೀನು ಹೇಗಿದ್ದೀಯ? ನಿದ್ದೆ ಸರಿಯಾಗಿ ಬರುತ್ತಿದೆಯೇ, ಇಲ್ಲ ನಿನ್ನಮ್ಮ ಮಗ್ಗುಲು ಬದಲಿಸಿದಾಗಲೆಲ್ಲ ಎದ್ದು ಕೂರುತ್ತಿದ್ದೀಯೇ? ಅಮ್ಮನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ, ಹಾಸಿಗೆಯಿಂದ ಕಿಟಕಿಯವರೆಗೆ ಹಿಡಿದುಕೊಂಡು ನಡೆಯುತ್ತಾರೆ ಎಂದು ಬರೆದಿದ್ದೆ. ಎಷ್ಟು ಹೆಜ್ಜೆ ಎಂದು ಬರೆದಿರಲಿಲ್ಲ. ನಿನ್ನ ಗಂಡನಿಗೆ ಸಂಖ್ಯೆಯಿಲ್ಲದ ಸುದ್ದಿ ಉಪ್ಪಿಲ್ಲದ ಊಟ ಎಂಬುದು ನಿನಗೆ ಗೊತ್ತು. ಮುಂದಿನ ಸಲ ಎಣಿಸಿ ಬರಿ. ನಾನು ಚೆನ್ನಾಗಿದ್ದೇನೆ. ಮೊನ್ನೆ ನನ್ನದೇ ಸೊಂಟಕ್ಕೆ ಟೇಪು ಹಾಕಿ ನೋಡಿದೆ, ಒಂದು ಇಂಚು ಇಳಿದಿದೆ. ಕಾರಣ ವಿರಹವೋ ನನ್ನ ಅಡುಗೆಯೋ ಹೇಳಲಾರೆ, ಎರಡಕ್ಕೂ ಅರ್ಧರ್ಧ ಇಂಚು ಎಂದು ಇಟ್ಟುಕೋ. ಹೂವಿನ ಕುಂಡ ಐದರಲ್ಲಿ ನಾಲ್ಕು ಬದುಕಿವೆ. ಐದನೆಯದು ನೀನಿದ್ದಾಗಲೇ ಮನಸ್ಸು ಮಾಡಿತ್ತು, ಅದನ್ನು ನನ್ನ ತಲೆಗೆ ಕಟ್ಟಬೇಡ.

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಯಾಕೆ ಬರೆಯುತ್ತಾನೆ ಈ ಮನುಷ್ಯ ಎಂದು ನೀನು ಹುಬ್ಬು ಏರಿಸುತ್ತೀಯ. ಫೋನು ಹಿಡಿದರೆ ನನ್ನ ನಾಲಿಗೆ ಹೊಸದಾಗಿ ಎಣ್ಣೆ ಬಿಟ್ಟ ಮಷೀನು, ಕೆಳಗೆ ಬಟ್ಟೆ ಇದೆಯೋ ಇಲ್ಲವೋ ನೋಡದೆ ಓಡುತ್ತದೆ. ಮೇಲಾಗಿ ಆ ಕಡೆ ಅಮ್ಮ ಒಂದು ಮೊಳ ದೂರದಲ್ಲಿ ಮಲಗಿರುತ್ತಾರೆ. ಅವರಿಗೆ ಕೆಟ್ಟಿರುವುದು ಸೊಂಟ, ಕಿವಿಯಲ್ಲ. ನಾನು ಹೇಳಬೇಕಾದದ್ದು ನೀನು ಬಸ್ ನಿಲ್ದಾಣದಲ್ಲಿ ಕೇಳಿದ ಮಾತಿಗೆ ಸೇರಿದ್ದು. ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ಬಗ್ಗಿ, “ರೀ, ಅಮ್ಮ ಎದ್ದು ಓಡಾಡೋ ಹಾಗಾದ್ಮೇಲೆ ನಮ್ಮ ಮನೇಗೇ ಕರ್ಕೊಂಡು ಬರ್ಲಾ? ಇನ್ನು ಮೂರು ಮಹಡಿ ಹತ್ತೋದು ಅವರ ಕೈಲಿ ಆಗಲ್ಲ, ನಮ್ಮ ಜೊತೇಲೇ ಇರ್ಲಿ” ಎಂದು ಕೇಳಿದ್ದೆ. ನಾನು “ನೋಡೋಣ” ಎಂದಿದ್ದೆ. ನೀನು ಮತ್ತೆ ಕೇಳಲಿಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದವಳಿಗೆ ನನ್ನ ನೋಡೋಣ ಎಂದರೆ ಏನೆಂದು ಗೊತ್ತು. ಅದು ಇಲ್ಲ ಎಂಬುದಕ್ಕೆ ಇಸ್ತ್ರಿ ಹಾಕಿ ಮಡಿಸಿಟ್ಟ ರೂಪ. ಹೋದ ವಾರದ ನಿನ್ನ ಕಾಗದದಲ್ಲಿ ಹವೆ, ಔಷಧಿ, ಪಕ್ಕದ ಮನೆಯ ಬೆಕ್ಕು ಎಲ್ಲ ಬಂದು ಹೋಗಿ, ಕೊನೆಗೆ ಒಂದೇ ಸಾಲು ಇತ್ತು. ಅಣ್ಣ ಇಪ್ಪತ್ತನೇ ತಾರೀಖು ವೃದ್ಧಾಶ್ರಮದ ಅರ್ಜಿ ತರುತ್ತಾನೆ, ಅಮ್ಮನ ರುಜು ಬೇಕಂತೆ. ಅದರ ಕೆಳಗೆ ನೀನು ಏನೂ ಬರೆದಿರಲಿಲ್ಲ. ಖಾಲಿ ಬಿಟ್ಟ ಆ ಅರ್ಧ ಪುಟವನ್ನು ಉಳಿದದ್ದಕ್ಕಿಂತ ಹೆಚ್ಚು ಸಲ ಓದಿದ್ದೇನೆ.

ನನ್ನ ಕಷ್ಟವೂ ನಿನಗೆ ಗೊತ್ತು, ನಾನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ನಮಗಿರುವುದು ಅಂಗಡಿ, ಹಿಂದೆ ಒಂದು ಕೋಣೆ, ಬದಿಯಲ್ಲಿ ಒಂದು ಕೋಣೆ. ಆ ಬದಿಯ ಕೋಣೆಯಲ್ಲಿ ಮೂರು ಕಡೆ ಆಳೆತ್ತರದ ಕನ್ನಡಿ ನಿಲ್ಲಿಸಿ, ಗಿರಾಕಿಗಳು ಬಟ್ಟೆ ಹಾಕಿ ನೋಡಲು ಜಾಗ ಮಾಡುತ್ತೇನೆ ಎಂದು ಆರು ವರ್ಷದಿಂದ ಬೀದಿಗೆಲ್ಲ ಸಾರಿದ್ದೇನೆ. ಹನ್ನೊಂದನೇ ವಯಸ್ಸಿನಲ್ಲಿ ಇನ್ನೊಬ್ಬರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದವನಿಗೆ ಮೂರು ಕನ್ನಡಿ ಎಂದರೆ ಸಣ್ಣ ಮಾತಲ್ಲ. ಅದು ಒಂದು. ಎರಡನೆಯದನ್ನು ಹೇಳಲು ಸ್ವಲ್ಪ ನಾಚಿಕೆ. ಅಮ್ಮ ಆ ಕೋಣೆಗೆ ಬಂದರೆ ನಾನು ಗಿರಾಕಿಗಳಿಗೆ ಹೇಳುವ ಒಂದೊಂದು ಮಾತೂ ಗೋಡೆಯಾಚೆ ಅವರ ಕಿವಿಗೆ ಬೀಳುತ್ತದೆ. ನನ್ನ ಮಾತಿನಲ್ಲಿ ಬಟ್ಟೆ ಎಷ್ಟು, ಬರೀ ಲೈನಿಂಗ್ ಎಷ್ಟು ಎಂದು ಮೊದಲ ದಿನದಿಂದ ಕಂಡುಹಿಡಿದವರು ಅವರೊಬ್ಬರೇ. ಮನೆಯೊಳಗೇ ತನಿಖಾಧಿಕಾರಿಯನ್ನು ಕೂರಿಸಿಕೊಂಡು ವ್ಯಾಪಾರ ಮಾಡುವುದು ಹೇಗೆ ಹೇಳು.

ಈಗ ಸುದ್ದಿಗೆ ಬರುತ್ತೇನೆ. ನೀನು ಹೋದ ಮೂರನೇ ದಿನ, ಭಾನುವಾರ, ಪಾಸ್ಟರು ಪ್ರಸಂಗ ಮುಗಿಸಿ ಮೇಜಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಒಳಗೆ ಮಡಿಸಿದ ಚೀಟಿಗಳು, ಒಂದೊಂದರಲ್ಲೂ ಸತ್ಯವೇದದ ಒಂದು ವಾಕ್ಯ. ತಲೆಗೊಂದು ಎತ್ತಬೇಕು, ನಲವತ್ತು ದಿನ ಅದರಂತೆ ನಡೆಯಬೇಕು, ಬುಧವಾರ ಸಂಜೆಯ ಕೂಟದಲ್ಲಿ ಹೇಗೆ ನಡೆಯಿತು ಎಂದು ಹೇಳಬೇಕು. “ಬಾಯಿಪಾಠ ಯಾರೂ ಮಾಡ್ಬೇಡಿ, ಅದು ನಮಗೆಲ್ಲ ಚೆನ್ನಾಗೇ ಬರುತ್ತೆ. ಈ ಸಲ ಕೈಪಾಠ ಮಾಡಿ” ಎಂದರು. ಬದಲಾಯಿಸಿಕೊಳ್ಳುವಂತಿಲ್ಲ. ಬೇಕರಿಯವನಿಗೆ ಬಂದದ್ದು, ಮನುಷ್ಯ ಬದುಕುವುದು ರೊಟ್ಟಿಯೊಂದರಿಂದಲೇ ಅಲ್ಲ ಎಂಬುದು. ಇದು ನನ್ನ ವ್ಯಾಪಾರಕ್ಕೆ ವಿರುದ್ಧ ಎಂದು ಅವನು ಚೀಟಿ ವಾಪಸು ಕೊಡಲು ಹೋದ, ಪಾಸ್ಟರು ಕೈ ಹಿಂದೆ ಕಟ್ಟಿಕೊಂಡರು. ಕ್ಷೌರದಂಗಡಿಯವನಿಗೆ ನಿಮ್ಮ ತಲೆಗೂದಲೆಲ್ಲ ಎಣಿಕೆಯಾಗಿವೆ ಎಂಬುದು ಬಂತು, ಅಂದಿನಿಂದ ಅವನಿಗೆ ತನ್ನ ಕೆಲಸದ ಮೇಲೆ ಗೌರವ ಹೆಚ್ಚಾಗಿದೆ. ನನಗೆ ಬಂದದ್ದು, ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ ಎಂಬುದು. ಜೋರಾಗಿ ಓದಿದೆ. ಇಡೀ ಸಭೆ ನಕ್ಕಿತು. ಯಾಕೆಂದು ಕೇಳಬೇಡ, ಅದರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ನಾನೂ ನಕ್ಕೆ. ಉಳಿದವರಿಗೆ ವೈರಿಯನ್ನು ಪ್ರೀತಿಸುವ, ನಾಳೆಯ ಚಿಂತೆ ಬಿಡುವ ಭಾರದ ಕೆಲಸಗಳು ಬಂದಿವೆ, ನನಗೆ ಬರೀ ಎರಡು ಶಬ್ದದ ಕೆಲಸ ಎಂದುಕೊಂಡೆ. ಆದರೂ ನಿನ್ನ ಹೆಸರಿನಲ್ಲಿ ಇನ್ನೊಂದು ಎತ್ತಿ, ಹಗುರವಾದದ್ದನ್ನು ನಾನು ಇಟ್ಟುಕೊಳ್ಳೋಣವೆಂದು ಕೈ ಹಾಕಿದೆ. ಪಾಸ್ಟರು ಮುಚ್ಚಳ ಹಾಕಿದರು, ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಸೋಮವಾರ ಅಂಗಡಿ ತೆರೆದವನೇ ಆರ್ಡರ್ ಪುಸ್ತಕ ಬಿಚ್ಚಿ, ಹಿಂದಿನ ತಿಂಗಳದ್ದನ್ನು ಎರಡು ಪಟ್ಟಿ ಮಾಡಿದೆ. ಕೊಡುತ್ತೇನೆ ಎಂದ ದಿನ ಒಂದು ಕಡೆ, ಕೊಟ್ಟ ದಿನ ಇನ್ನೊಂದು ಕಡೆ. ಮೂವತ್ತೆಂಟು ಬಟ್ಟೆಯಲ್ಲಿ ಹೇಳಿದ ದಿನವೇ ಕೊಟ್ಟದ್ದು ನಾಲ್ಕು. ಆ ನಾಲ್ಕರಲ್ಲೂ ಎರಡು, ಗಿರಾಕಿ ಸ್ಟೂಲಿನ ಮೇಲೆ ಕೂತವರು ಏಳಲೇ ಇಲ್ಲವಾದ್ದರಿಂದ. ನಾನು ಸುಳ್ಳುಗಾರ ಎಂದು ಯಾವತ್ತೂ ಅಂದುಕೊಂಡವನಲ್ಲ. ದರ್ಜಿಯ ಬಾಯಲ್ಲಿ ನಾಳೆ ಬನ್ನಿ ಎಂಬುದು ನಮಸ್ಕಾರ ಇದ್ದ ಹಾಗೆ, ಹೇಳುವವನೂ ಎಣಿಸುವುದಿಲ್ಲ, ಕೇಳುವವರೂ ಎಣಿಸುವುದಿಲ್ಲ ಎಂದುಕೊಂಡಿದ್ದೆ. ಪಟ್ಟಿ ನೋಡಿದರೆ ನಮಸ್ಕಾರದ ಹಾಗಿರಲಿಲ್ಲ. ಅಷ್ಟರಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಕೋಟಿನ ಬಟ್ಟೆ ತಂದು ಯಾವಾಗ ಕೊಡುತ್ತೀರಿ ಎಂದರು. ನನ್ನ ತುದಿನಾಲಿಗೆಗೆ ನಾಳಿದ್ದು ಬಂದಿತ್ತು. ನುಂಗಿ, ಲೆಕ್ಕ ಹಾಕಿ, ಇಪ್ಪತ್ತೇಳು ದಿನ ಬೇಕು ಎಂದೆ. ಅವರು ನನ್ನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದರು. “ನೀವು ಸುಳ್ಳು ಹೇಳ್ತಿದ್ದಾಗ ಕೊನೇಪಕ್ಷ ಆಸೆನಾದ್ರೂ ಇರ್ತಿತ್ತು” ಎಂದು ಬಟ್ಟೆ ಎತ್ತಿಕೊಂಡು ಎದುರಂಗಡಿಗೆ ಹೋದರು. ಎದುರಂಗಡಿಯವನು ನಾಳೆ ಕೊಡುತ್ತೇನೆ ಎಂದದ್ದು ರಸ್ತೆ ದಾಟಿ ನನಗೆ ಕೇಳಿಸಿತು. ಆ ವಾರ ಹೀಗೆ ರಸ್ತೆ ದಾಟಿದವರು ಏಳು ಜನ. ಈವರೆಗೆ ನಾಲ್ವರು ತಿರುಗಿ ದಾಟಿ ಬಂದಿದ್ದಾರೆ, ಮೂವರು ಬಂದಿಲ್ಲ. ಮುಖ್ಯೋಪಾಧ್ಯಾಯಿನಿ ಆ ಮೂವರಲ್ಲಿ ಒಬ್ಬರು. ವಾಕ್ಯದಂತೆ ನಡೆದರೆ ಅಂಗಡಿ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸು, ಪುಸ್ತಕ ತೋರಿಸುತ್ತೇನೆ. ಆದರೆ ಒಂದು ವಿಷಯ ಉಂಟು. ಮೊದಲೆಲ್ಲ ಗಾಜಿನ ಬಾಗಿಲಾಚೆ ಯಾವ ಗಿರಾಕಿ ಬರುತ್ತಿದ್ದಾರೆಂದು ನೋಡಿ ಹಿಂದಿನ ಕೋಣೆಗೆ ಜಾರುತ್ತಿದ್ದೆನಲ್ಲ, ಈಗ ಎದ್ದು ಬಾಗಿಲು ತೆರೆಯುತ್ತೇನೆ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಅಂಗಡಿಯಲ್ಲಿ ನಾನು ಬಚ್ಚಿಟ್ಟುಕೊಳ್ಳುತ್ತಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಿನ್ನ ಗಂಡನಿಗೆ ಒಂದು ಗೆಲುವು ಸಿಕ್ಕಿದರೆ ಅದನ್ನು ಇಡೀ ಬೀದಿಗೆ ಹಾಸುವ ಚಾಳಿ. ಸತ್ಯ ಹೇಳುವುದರ ರುಚಿ ಹತ್ತಿತು. ಲೈಬ್ರರಿಯಲ್ಲಿ ಕೆಲಸ ಮಾಡುವ ಮೇಡಂ ಹೊಸ ಉಡುಪು ಹಾಕಿಕೊಂಡು ಇದು ನನಗೆ ಒಪ್ಪುತ್ತಾ ಎಂದು ಸುಮ್ಮನೆ ಒಂದು ಮಾತಿಗೆ ಕೇಳಿದರು. ಇಲ್ಲ, ಸೊಂಟ ಹೋದ ವರ್ಷಕ್ಕಿಂತ ಮೂರು ಇಂಚು ಜಾಸ್ತಿಯಾಗಿದೆ, ಈ ಬಣ್ಣವೂ ನಿಮ್ಮದಲ್ಲ ಎಂದುಬಿಟ್ಟೆ. ಅವರು ಪರದೆಯ ಹಿಂದೆ ಹೋದರು, ಹೊರಗೆ ಬರಲು ಬಹಳ ಹೊತ್ತು ಮಾಡಿದರು. ಮೂಲೆಯಲ್ಲಿ ಹನ್ನೆರಡು ವರ್ಷದಿಂದ ಕೂತು ಗುಂಡಿ, ಕಾಜಾ ಮಾಡುವ ನಮ್ಮ ಗುಂಡಿ ಅಜ್ಜಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂದು ಒಂದು ವಾರದ್ದನ್ನು ಒಟ್ಟಿಗೆ ಆಡಿದರು. “ಮಗಾ, ವಾಕ್ಯ ನಿನ್ನ ಮಾತಿನ ಬಗ್ಗೆ ಬಂದಿರೋದು, ಅವಳ ಸೊಂಟದ ಬಗ್ಗೆ ಅಲ್ಲ. ಸೂಜಿ ಚೂಪಾಗಿರ್ಬೇಕು ನಿಜ, ಆದ್ರೆ ಅದಿರೋದು ಬಟ್ಟೆ ಕೂಡಿಸೋಕೆ.” ನಾನು ವಾದ ಹೂಡಲು ಬಾಯಿ ತೆರೆದೆ. ಅಜ್ಜಿ ದಾರ ಕಡಿದು, ಪ್ರೀತಿಯಿಲ್ಲದೆ ಎಂಥ ಭಾಷೆಯಲ್ಲಿ ಮಾತಾಡಿದರೂ ಅದು ಗಣಗಣಿಸುವ ತಾಳ ಎಂದು ಅಪೊಸ್ತಲ ಬರೆದದ್ದು ದರ್ಜಿಗಳಿಗೂ ಸೇರಿಸಿಯೇ ಎಂದರು. ಮರುದಿನ ಲೈಬ್ರರಿಗೆ ಹೋಗಿ, ಪುಸ್ತಕದ ಕಪಾಟುಗಳ ನಡುವೆ ಪಿಸುಗುಟ್ಟುತ್ತಾ ಕ್ಷಮೆ ಕೇಳಿ, ಉಡುಪು ವಾಪಸು ತಂದು ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಟ್ಟೆ. ಬಣ್ಣದ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಇಷ್ಟಾದ ಮೇಲೂ ಹೌದು ಎಂಬ ಪದದ ಭಾರ ನನಗೆ ಗೊತ್ತಾಗಿರಲಿಲ್ಲ. ಅದು ಗೊತ್ತಾದದ್ದು ಎರಡನೇ ಸೋಮವಾರ. ನಾನು ಒಬ್ಬರ ಪ್ಯಾಂಟಿನ ಅಂಚು ಹಿಡಿದು ನೆಲದ ಮೇಲೆ ಮೊಣಕಾಲೂರಿದ್ದೆ, ತುಟಿಗಳ ನಡುವೆ ಏಳೆಂಟು ಗುಂಡುಸೂಜಿ. ಆಗ ಸಭೆಯ ಗಾಯನ ಮಂಡಳಿಯ ಮೇಷ್ಟ್ರು ಒಳಗೆ ಬಂದು ತಮ್ಮ ಪಾಡಿಗೆ ಏನೋ ಹೇಳುತ್ತಾ ಹೋದರು. ಗುಂಡುಸೂಜಿ ಕಚ್ಚಿಕೊಂಡ ದರ್ಜಿಗೆ ಆಡಲು ಬರುವುದು ಒಂದೇ ಮಾತು, ಅದನ್ನೇ ಆಡಿದೆ: ಹೂಂ. ಅವರು ಇನ್ನೇನೋ ಕೇಳಿದರು. ಹೂಂ. ಅವರ ಮುಖ ಅರಳಿತು, ನನ್ನ ಭುಜ ತಟ್ಟಿ ಹೋದರು. ಸೂಜಿ ತೆಗೆದು, ಏನಂತೆ ಎಂದು ಅಜ್ಜಿಯನ್ನು ಕೇಳಿದೆ. ಸಭೆಗೆ ಐವತ್ತು ವರ್ಷ ತುಂಬುವ ಭಾನುವಾರಕ್ಕೆ ಮಂಡಳಿಯ ಇಪ್ಪತ್ತೆರಡು ಜನಕ್ಕೂ ನಿಲುವಂಗಿ ನೀನೇ ಹೊಲಿದು ಕೊಡುತ್ತೀಯಂತೆ, ಹೂಂ ಅಂದೆಯಲ್ಲ ಎಂದರು. ಹತ್ತೊಂಬತ್ತು ದಿನಕ್ಕೆ ಇಪ್ಪತ್ತೆರಡು. ಕೈಯಲ್ಲಿದ್ದ ಬೇರೆ ಕೆಲಸದ ಮೇಲೆ.

ಬಾಲ ಸುಟ್ಟ ಬೆಕ್ಕಿನಂತೆ ಪಾಸ್ಟರ ಬಳಿಗೆ ಓಡಿದೆ. ಅದು ಹೌದಲ್ಲ, ಬರೀ ಉಸಿರು. ಬಾಯಲ್ಲಿ ಸೂಜಿ ಇದ್ದಾಗ ಅಂದ ಹೂಂ ಲೆಕ್ಕಕ್ಕೆ ಬರಬಾರದು ಎಂದು ಕಾನೂನು ಹೇಳಿದೆ. ಅವರು ವಾದಿಸಲಿಲ್ಲ. ಸತ್ಯವೇದದ ಕೀರ್ತನೆಗಳಲ್ಲಿ ಒಂದು ಕಡೆ ತೆರೆದು ಬೆರಳಿಟ್ಟರು. ದೇವರ ಗುಡಾರದಲ್ಲಿ ಯಾರು ಇಳಿದುಕೊಳ್ಳಬಲ್ಲರು ಎಂದು ಅಲ್ಲಿ ಪ್ರಶ್ನೆ. ಉತ್ತರಗಳಲ್ಲಿ ಒಂದು, ತನಗೆ ನಷ್ಟವಾದರೂ ಆಡಿದ ಮಾತು ತಪ್ಪದವನು. ಗುಂಡುಸೂಜಿಗೆ ರಿಯಾಯಿತಿ ಎಲ್ಲಾದರೂ ಬರೆದಿದೆಯಾ ಎಂದು ಕೇಳಿದೆ. “ಎಲ್ಲ ಕಡೆ ಹುಡುಕಿದೀನಿ, ಇಲ್ಲ” ಎಂದರು. ಅವರ ನಿಲುವಂಗಿಯ ತೋಳೂ ಹರಿದಿದೆ ಎಂದು ಆಗಲೇ ತೋರಿಸಿಬಿಟ್ಟರು.

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಆರಕ್ಕೆ ಅಜ್ಜಿಯೂ ನಾನೂ ಅಂಗಡಿಯಲ್ಲಿ. ಮೊದಲು ಕಾಲು ಗಂಟೆ ಅಜ್ಜಿ ಒಂದು ಅಧ್ಯಾಯ ಓದುವುದು, ನಾನು ಕೇಳುವುದು, ಆಮೇಲೆ ಕತ್ತರಿ. ಎಪ್ಪತ್ತೇಳು ಮೀಟರು ಬಿಳಿ ಬಟ್ಟೆ. ಇಪ್ಪತ್ತೆರಡು ಜೋಡಿ ಭುಜದಲ್ಲಿ ಒಂದರಂತೆ ಇನ್ನೊಂದಿಲ್ಲ. ದೇವರು ಅಳತೆ ತೆಗೆಯುವುದರಲ್ಲಿ ಸೋಮಾರಿಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆರನೆಯದನ್ನು ಹೊಲಿಯುವಾಗ ನನಗೆ ಒಂದು ವಿಷಯ ಹೊಳೆಯಿತು. ನಾನು ಗಿರಾಕಿಗಳಿಗೆ ಮಾತ್ರವಲ್ಲ, ಪ್ರಾರ್ಥನೆಯಲ್ಲೂ ಇಷ್ಟು ವರ್ಷ ನಾಳೆ ಬನ್ನಿ ಎಂದೇ ಹೇಳುತ್ತಾ ಬಂದಿದ್ದೇನೆ. ಕರ್ತನೇ, ಅವನನ್ನು ಕ್ಷಮಿಸುತ್ತೇನೆ. ಕರ್ತನೇ, ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬರುತ್ತೇನೆ. ಕರ್ತನೇ, ಇನ್ನು ಮೇಲೆ ದಿನಾ ಓದುತ್ತೇನೆ. ಇಂಥದೇ ಆರ್ಡರ್ ಪುಸ್ತಕ ಮೇಲೆಯೂ ಇರುವುದೇ ಆದರೆ, ಮೂವತ್ತೆಂಟಕ್ಕೆ ನಾಲ್ಕು ಕೂಡ ಸಿಗಲಿಕ್ಕಿಲ್ಲ. ಆವತ್ತಿನಿಂದ ನನ್ನ ಪ್ರಾರ್ಥನೆ ಗಿಡ್ಡವಾಗಿದೆ. ಒಂದು ದಿನಕ್ಕೆ ಒಂದೇ ಮಾತು ಕೊಡುತ್ತೇನೆ, ಆ ದಿನ ಮಾಡಿ ಮುಗಿಸಬಹುದಾದದ್ದು. ಒಂದು ದಿನ ಎದುರಂಗಡಿಯವನಿಗೆ ನಗುತ್ತಾ ನಮಸ್ಕಾರ ಹೇಳಿ ಬರುತ್ತೇನೆ ಎಂದಿದ್ದೆ, ಹೇಳಿ ಬಂದೆ. ನಗು ಅಷ್ಟು ಚೆನ್ನಾಗಿ ಬರಲಿಲ್ಲ. ಆದರೂ ಕೊಟ್ಟದ್ದು ಕೊಟ್ಟಂತೆ.

ಈಗ ನಿನಗೆ ಅರ್ಥವಾಗಿರಬೇಕು ನನ್ನ ಮೌನ ಯಾಕೆಂದು. ಮೊದಲಾಗಿದ್ದರೆ ನಿನ್ನ ಸಾಲು ಓದಿದ ಕೂಡಲೇ ಫೋನು ಮಾಡಿ ಆಗಲಿ ಕರೆತಾ ಎಂದುಬಿಡುತ್ತಿದ್ದೆ, ಆಮೇಲೆ ಕೋಣೆಗೆ ಸುಣ್ಣ ಆಗಿಲ್ಲ, ಮೂಳೆ ಇನ್ನೂ ಕೂಡಿಲ್ಲ, ಬಸ್ಸಿನ ಕುಲುಕಾಟ ಒಳ್ಳೆಯದಲ್ಲ ಎಂದು ತಿಂಗಳು ತಳ್ಳುತ್ತಿದ್ದೆ. ನಿನ್ನಣ್ಣ ಅಷ್ಟರಲ್ಲಿ ಅರ್ಜಿ ತುಂಬಿರುತ್ತಿದ್ದ, ನನ್ನ ಹೌದು ನನ್ನ ಹತ್ತಿರವೇ ಹೊಸದಾಗಿ ಉಳಿದಿರುತ್ತಿತ್ತು. ಇಪ್ಪತ್ತೆರಡು ನಿಲುವಂಗಿ ಹೊಲಿದವನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಇದು ನಾನು ತೂಗಿ ನೋಡುತ್ತಿದ್ದ ಮೌನ, ನಿನ್ನಿಂದ ಮುಖ ತಿರುಗಿಸಿದ್ದಲ್ಲ. ನೀನು ಆ ಖಾಲಿ ಅರ್ಧ ಪುಟದ ಪಕ್ಕ ಕೂತು ಕಾದದ್ದಕ್ಕೆ ಮಾತ್ರ ನನ್ನ ಬಳಿ ಸಮಜಾಯಿಷಿ ಇಲ್ಲ, ಅದಕ್ಕೆ ಕ್ಷಮಿಸು.

ಹೋದ ಬುಧವಾರದ ಕೂಟದಲ್ಲಿ ಓದುವ ಸರದಿ ನನ್ನದು. ಯೇಸು ಹೇಳಿದ ಇಬ್ಬರು ಮಕ್ಕಳ ಸಾಮ್ಯದ ಕಥೆ. ತಂದೆ ದೊಡ್ಡವನಿಗೆ ಹೋಗಿ ತೋಟದಲ್ಲಿ ಕೆಲಸ ಮಾಡು ಎನ್ನುತ್ತಾನೆ. ಅವನು ಹೋಗಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ, ಆಮೇಲೆ ಮನಸ್ಸು ತಿರುಗಿ ಹೋಗುತ್ತಾನೆ. ಇನ್ನೊಬ್ಬನಿಗೆ ಹೇಳಿದರೆ, ಅವನು ಹೋಗುತ್ತೇನೆ ಅಪ್ಪಾ ಎಂದು ಗೌರವದಿಂದ ಹೇಳಿ, ಹೋಗುವುದೇ ಇಲ್ಲ. ಇಬ್ಬರಲ್ಲಿ ಯಾರು ತಂದೆಯ ಇಷ್ಟದಂತೆ ಮಾಡಿದವನು ಎಂದು ಯೇಸು ಕೇಳುತ್ತಾನೆ. ಚಿಕ್ಕವನ ಮಾತು ಓದುವಾಗ ನನ್ನ ದನಿ ನನಗೇ ಗುರುತು ಸಿಕ್ಕಿತು. ಗಿರಾಕಿಗಳ ಜೊತೆ ಮಾತಾಡುವ ಅದೇ ಜೇನುದನಿ. ಬೇಕರಿಯವನು ಎದ್ದು, ಇವರಿಬ್ಬರೂ ಯಾಕೆ, ಹೋಗ್ತೀನಿ ಅಂದು ಹೋಗೋ ಮೂರನೆಯವನಲ್ವಾ ಒಳ್ಳೆಯವನು ಎಂದು ಕೇಳಿದ. ಪಾಸ್ಟರು ಕನ್ನಡಕ ಒರೆಸುತ್ತಾ, “ಆ ಮೂರನೆಯವನು ಕಥೇಲೂ ಇಲ್ಲ, ಈ ಕೋಣೇಲೂ ಇಲ್ಲ. ಇರೋರನ್ನ ನೋಡಿಕೊಳ್ಳೋಣ” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ನನಗೆ ಚಿಕ್ಕವನು ಗೊತ್ತಿದ್ದ ಹಾಗೆ ದೊಡ್ಡವನೂ ಗೊತ್ತು ಎಂದು ಆ ಕ್ಷಣಕ್ಕೆ ತಿಳಿಯಿತು. ಇಪ್ಪತ್ತಾರು ವರ್ಷದಿಂದ ಗೊತ್ತು. ಈಗ ಸೊಂಟ ಮುರಿದುಕೊಂಡು ಮಲಗಿದ್ದಾರೆ.

ಗುರುವಾರ ಬೆಳಿಗ್ಗೆ ಆರ್ಡರ್ ಪುಸ್ತಕದ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆದೆ. ಎಡಗಡೆ ನಿನ್ನಮ್ಮ ನನಗೆ ಆಗಲ್ಲ ಎಂದದ್ದು, ಬಲಗಡೆ ನಾನು ಅವರಿಗೆ ಆಗಲಿ ಎಂದದ್ದು. ಮೊದಲನೆಯದು ನಿನಗೂ ನೆನಪಿದೆ: “ಕೊರಳಿಗೆ ಟೇಪು ಹಾಕ್ಕೊಂಡವನಿಗೆ ನನ್ನ ಮಗಳನ್ನ ಕೊಡಲ್ಲ.” ಎಂಟು ದಿನ ಕಳೆದು ನನ್ನ ಧಣಿಯ ಅಂಗಡಿಗೆ ಬಟ್ಟೆ ಹಿಡಿದು ಬಂದರು, ಎರಡೂ ಕೈ ಅಗಲಿಸಿ ಅಳತೆಗೆ ನಿಂತರು, “ಮದುವೆಗೆ ಹಾಕ್ಕೊಳ್ಳೋದು, ಕೆಡಿಸ್ಬೇಡ” ಎಂದರು. ನನಗೆ ಹೆಣ್ಣು ಕೊಟ್ಟದ್ದು ಹಾಗೆ. ಎರಡನೆಯದು, ನಾನು ಸ್ವಂತ ಅಂಗಡಿ ಇಡುವಾಗ. ನನ್ನ ಮಷೀನಿನ ಮೇಲೆ ಕಣ್ಣು ಹಾಕಬೇಡಿ, ಕೊಡಲ್ಲ ಎಂದರು. ಅಂಗಡಿ ತೆರೆಯುವ ದಿನ ಬೆಳಿಗ್ಗೆ ಕೈಗಾಡಿಯಲ್ಲಿ ಆ ಮಷೀನು ಬಂತು, ಎಣ್ಣೆ ಬಿಟ್ಟು, ಸೂಜಿಗೆ ದಾರ ಪೋಣಿಸಿ. ನಮ್ಮ ಮಗಳು ಹುಟ್ಟುವಾಗ ನನ್ನ ಕೈಲಾಗಲ್ಲ, ಬರಲ್ಲ ಎಂದವರು ಎರಡು ದಿನ ಮೊದಲೇ ಬಂದು ಮೂರು ತಿಂಗಳು ನಿಂತರು. ನನ್ನ ಹೊಟ್ಟೆ ಕೊಯ್ದಾಗ ಆಸ್ಪತ್ರೆ ವಾಸನೆ ನನಗಾಗದು ಎಂದವರು ಒಂಬತ್ತು ದಿನ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದರು, ಒಂದು ಒಳ್ಳೆಯ ಮಾತಾಡದೆ. ಎಲ್ಲ ಬರೆದು ಕೂಡಿದರೆ ಹನ್ನೊಂದು ಆಗಲ್ಲ. ಹನ್ನೊಂದಕ್ಕೆ ಹನ್ನೊಂದೂ ಮಾಡಿದ್ದಾರೆ. ಬಲಗಡೆ ನನ್ನ ಆಗಲಿಗಳು ಒಂಬತ್ತು. ಕನ್ನಡಕದ ಸ್ಕ್ರೂ, ಮೂರನೇ ಮಹಡಿಯ ಕಿಟಕಿಯ ಚಿಲಕ, ಇಂಥವು. ಮಾಡಿದ್ದು ಎರಡು, ಅದರಲ್ಲೂ ಒಂದನ್ನು ಮಾಡಿದವಳು ನೀನು. ಹದಿನಾಲ್ಕು ವರ್ಷದ ಹಿಂದೆ ಅವರು ಕೊಟ್ಟ ಬೂದು ಬಣ್ಣದ ಕೋಟಿನ ಬಟ್ಟೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಹುಳ ಮುಟ್ಟಿಲ್ಲ. ಜೊತೆಗಿಟ್ಟಿದ್ದ ಅಳತೆಯ ಚೀಟಿಯೂ ಹಾಗೇ ಇದೆ, ಆದರೆ ಅದು ಇನ್ನು ಉಪಯೋಗಕ್ಕೆ ಬಾರದು, ಮನುಷ್ಯರು ಹದಿನಾಲ್ಕು ವರ್ಷ ಅದೇ ಅಳತೆಯಲ್ಲಿ ಇರುವುದಿಲ್ಲ. ನಾನು ಆ ಬಟ್ಟೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತದ್ದನ್ನು ನೋಡಿ ಅಜ್ಜಿ ಅಂದಿನ ಅಧ್ಯಾಯವನ್ನು ಓದದೇ ಬಿಟ್ಟರು.

ಇವತ್ತು ಬೆಳಿಗ್ಗೆ ಐವತ್ತನೇ ವರ್ಷದ ಆರಾಧನೆ ಚೆನ್ನಾಗಿ ಆಯಿತು. ಇಪ್ಪತ್ತೆರಡು ಜನ ಬಿಳಿ ನಿಲುವಂಗಿಯಲ್ಲಿ ಸಾಲಾಗಿ ನಿಂತು ಹಾಡಿದರು. ಜನ ಹಾಡು ಕೇಳಿದರು, ನಾನು ಅಂಚು ನೋಡಿದೆ. ಎಲ್ಲ ಒಂದೇ ಎತ್ತರದಲ್ಲಿತ್ತು, ಹತ್ತೊಂಬತ್ತನೆಯದು ಒಂದು ಕೂದಲಷ್ಟು ಗಿಡ್ಡ. ಮೇಷ್ಟ್ರು ನಿಲುವಂಗಿ ಹೊಲಿದವರಿಗೆ ವಂದನೆ ಎಂದಾಗ ನಾನು ಎದ್ದು ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಂಡೆ. ಅಜ್ಜಿ ನನ್ನ ಕೋಟಿನ ತುದಿ ಹಿಡಿದು ಕೂರಿಸಿದರು. ಚೀಟಿಯ ಅವಧಿಗೆ ಇನ್ನೂ ಹನ್ನೆರಡು ದಿನ ಇದೆ. ನಾನು ಬದಲಾಗಿದ್ದೇನೆ ಎಂದು ಹೇಳಿದರೆ ನೀನು ಅರ್ಧಕ್ಕೆ ಇಳಿಸಿ ಓದುತ್ತೀಯ, ಆದ್ದರಿಂದ ಹೇಳುವುದಿಲ್ಲ. ನನ್ನಲ್ಲಿ ಒಂದಿಷ್ಟು ಹೊಲಿಗೆ ಬಿಚ್ಚಿದೆ, ಮೇಲಿರುವವನು ಮತ್ತೆ ಹಾಕುತ್ತಿದ್ದಾನೆ, ಅಷ್ಟು ಮಾತ್ರ. ಬಿಚ್ಚುವಾಗ ನೋವಾಗುತ್ತದೆ ಎಂದುಕೊಂಡಿದ್ದೆ, ಆದದ್ದು ಹಗುರ.

ನಿನ್ನಣ್ಣನಿಗೂ ಅತ್ತಿಗೆಗೂ ನನ್ನ ವಂದನೆಗಳು, ಪಕ್ಕದ ಮನೆಯ ಬೆಕ್ಕಿಗೂ. ಅಮ್ಮನಿಗೆ ನಮಸ್ಕಾರ ಹೇಳು. ಗುಂಡಿ ಅಜ್ಜಿ ನಿನಗೆ ಪ್ರಾರ್ಥನೆ ಕಳಿಸಿದ್ದಾರೆ, ಗುಂಡಿಯ ಡಬ್ಬಿ ಎಲ್ಲಿಟ್ಟಿದ್ದೀಯ ಎಂದೂ ಕೇಳಿದ್ದಾರೆ. ನಿನ್ನ ಕೈಗೂ ಬೆನ್ನಿಗೂ ದೇವರು ಬಲ ಕೊಡಲಿ, ಹಗಲು ಒಂದು ಗಂಟೆಯಾದರೂ ಮಲಗು.

ಇಂತಿ ನಿನ್ನ,
ಕೊರಳಿಗೆ ಟೇಪು ಹಾಕಿಕೊಂಡವನು

ಮ.ಬ.: ಬೇಕರಿಯವನು ಅಂಚೆಗೆ ಹಾಕುತ್ತೇನೆ ಎಂದು ಬಾಗಿಲಲ್ಲಿ ನಿಂತಿದ್ದಾನೆ, ರೈಲು ನಿಲ್ದಾಣದ ಡಬ್ಬಿಯನ್ನು ಭಾನುವಾರವೂ ನಾಲ್ಕಕ್ಕೆ ತೆರೆಯುತ್ತಾರಂತೆ, ಬೇಗ ಬರೆಯುತ್ತೇನೆ. ಹೌದು. ಅಮ್ಮ ಬರಲಿ, ಬಂದು ನಮ್ಮ ಜೊತೆಯೇ ಇರಲಿ. ಇದನ್ನು ಮಾಡಿ ಆದ ಮೇಲೇ ಬರೆಯಬೇಕೆಂದು ತಡೆದೆ. ಬದಿಯ ಕೋಣೆ ನಿನ್ನೆ ಖಾಲಿ ಮಾಡಿದೆ, ಮಂಚ ಕಿಟಕಿಯ ಪಕ್ಕ ಬಂದಿದೆ, ಕನ್ನಡಿಯವನಿಗೆ ಬೇಡ ಎಂದು ಹೇಳಿಯಾಯಿತು. ಅಣ್ಣನಿಗೆ ಅರ್ಜಿ ತರಬೇಡ ಎನ್ನು. ಹದಿನೇಳನೇ ತಾರೀಖು ಶನಿವಾರ ಬೆಳಗಿನ ಬಸ್ಸಿಗೆ ನಾನು ಅಲ್ಲಿರುತ್ತೇನೆ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಲು ಅವನೊಂದು ಕಡೆ ನಾನೊಂದು ಕಡೆ. ಇದರೊಳಗೆ ನಾಲ್ಕು ಮಡಿಕೆಯ ಸಣ್ಣ ಕಾಗದ ಅಮ್ಮನಿಗೆ, ಅವರನ್ನೇ ನೇರವಾಗಿ ಕೇಳಿದ್ದೇನೆ. ಓದಿದ ಕೂಡಲೇ ಬರಲ್ಲ ಎನ್ನುತ್ತಾರೆ. ಎದುರು ಮಾತಾಡಬೇಡ. ಅವರ ಬಟ್ಟೆ ಮಡಿಸಲು ಶುರು ಮಾಡು.